ಕಪ್ಪು ಪರದೆಯ ಹಿಂದಿನ ಕಥೆ: ಲಿನಕ್ಸ್ ಮತ್ತು ಗ್ರಾಫಿಕ್ಸ್ ಡ್ರೈವರ್

2003ರ ಮಳೆಗಾಲ. ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಚೌಕಾಸಿ ಮಾಡಿ ತಂದ ಸೆಕೆಂಡ್ ಹ್ಯಾಂಡ್ ಗ್ರಾಫಿಕ್ಸ್ ಕಾರ್ಡು, ಕಂಪ್ಯೂಟರಿನಲ್ಲಿ ರೆಡ್ ಹ್ಯಾಟ್ 9. ಎರಡು ವಾರ ಒದ್ದಾಡಿ ಡ್ರೈವರ್ ಕೂರಿಸಿದ್ದೆ. ಪೆಂಗ್ವಿನ್ ಹಿಮದ ಮೇಲೆ ಜಾರುವ ಟಕ್ಸ್ ರೇಸರ್ ಆಟವನ್ನು ಮಗನಿಗೆ ತೋರಿಸಿ ಬೀಗಿದ್ದೂ ಆಗಿತ್ತು. ಅದೇ ಉತ್ಸಾಹದಲ್ಲಿ ಒಂದು ರಾತ್ರಿ ಕರ್ನೆಲ್ಲನ್ನೂ ಅಪ್‌ಡೇಟ್ ಮಾಡಿ ಮಲಗಿದೆ. ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದರೆ ಪರದೆ ನಾಲ್ಕೈದು ಸಲ ಕಣ್ಣು ಮಿಟುಕಿಸಿ ಕಪ್ಪಾಯಿತು. ಕಪ್ಪಿನ ಮೇಲೆ ಬಿಳಿ ಅಕ್ಷರ, ಅಷ್ಟೇ. ಪೆಂಗ್ವಿನ್ನೂ ಇಲ್ಲ, ಹಿಮವೂ ಇಲ್ಲ.

ಪುಣೆಯಲ್ಲಿದ್ದ ಗೆಳೆಯನಿಗೆ ಫೋನ್ ಮಾಡಿದೆ. ನಮ್ಮ ಊರಿನ ಕಡೆಯವನೇ. "ಅಲ್ಲ ಮಾರಾಯ, ಕರ್ನೆಲ್ ಬದಲಿಸಿದ ಮೇಲೆ ಡ್ರೈವರನ್ನೂ ಮತ್ತೆ ಕಂಪೈಲ್ ಮಾಡ್ಬೇಕು ಅಂತ ಗೊತ್ತಿಲ್ವಾ ನಿಂಗೆ? ಹಳೇ ಕರ್ನೆಲ್ ಎಲ್ಲಿಗೂ ಹೋಗಿಲ್ಲ, ಅಲ್ಲೇ ಉಂಟು. ಬೂಟ್ ಮೆನುವಿನಲ್ಲಿ ಕೆಳಗಿನದ್ದನ್ನು ಆರಿಸು" ಎಂದ. ಆರಿಸಿದೆ, ಪರದೆ ಬಂತು. ತಪ್ಪು ನನ್ನದೇ, ಸರಿ. ಆದರೆ ಪ್ರಶ್ನೆಯೊಂದು ಉಳಿಯಿತು. ಮೌಸ್, ಕೀಬೋರ್ಡ್, ಹಾರ್ಡ್ ಡಿಸ್ಕ್ ಯಾವುದೂ ಕರ್ನೆಲ್ ಬದಲಾದಾಗ ಮುನಿಸಿಕೊಳ್ಳಲಿಲ್ಲ. ಈ ಗ್ರಾಫಿಕ್ಸ್ ಕಾರ್ಡಿಗೆ ಮಾತ್ರ ಯಾಕೆ ಇಷ್ಟು ಬಿಂಕ?

ಉತ್ತರ ಹುಡುಕುತ್ತಾ ಹೋದರೆ ಅದು ತಾಂತ್ರಿಕ ಸಮಸ್ಯೆಗಿಂತ ಹೆಚ್ಚಾಗಿ ಬೀಗದ ಕೈ ಯಾರ ಹತ್ತಿರ ಇದೆ ಎಂಬುದರ ಇತಿಹಾಸ. ಮೂವತ್ತು ವರ್ಷಕ್ಕೂ ಮೀರಿದ ಕಥೆ. ಹೇಳುತ್ತೇನೆ ಕೇಳಿ.

ದುಭಾಷಿಯ ಕೆಲಸ

ಡ್ರೈವರ್ ಅಂದರೆ ಒಬ್ಬ ದುಭಾಷಿ ಅಂದುಕೊಳ್ಳಿ. "ಇಲ್ಲೊಂದು ಕಿಟಕಿ ಬಿಡಿಸು, ಅಲ್ಲೊಂದು ತ್ರಿಕೋನ ತುಂಬು" ಎಂದು ಕಂಪ್ಯೂಟರ್ ಹೇಳುತ್ತದೆ. ಕಾರ್ಡಿಗೆ ಆ ಭಾಷೆ ಬಾರದು. ಅದಕ್ಕೆ ಗೊತ್ತಿರುವುದು ತನ್ನದೇ ರಿಜಿಸ್ಟರುಗಳು, ಅದರೊಳಗಿನ ಅಂಕಿಗಳು ಮಾತ್ರ. ಯಾವ ರಿಜಿಸ್ಟರಿಗೆ ಯಾವ ಅಂಕಿ ಬರೆದರೆ ಏನಾಗುತ್ತದೆ ಎಂಬ ನಿಘಂಟು ಕಾರ್ಡು ತಯಾರಿಸಿದವನ ಹತ್ತಿರ ಇರುತ್ತದೆ. ಅವನು ಕೊಟ್ಟರೆ ಯಾರು ಬೇಕಾದರೂ ದುಭಾಷಿ ಆಗಬಹುದು. ಕೊಡದಿದ್ದರೆ ಅವನು ಕಳಿಸಿದ ದುಭಾಷಿಯನ್ನೇ ನಂಬಬೇಕು. ಅವನು ದುಭಾಷಿಯನ್ನು ವಾಪಸ್ ಕರೆಸಿಕೊಂಡ ದಿನ ಕಾರ್ಡು ಮೂಕವಾಗುತ್ತದೆ.

ಕಾನ್ಫಿಗ್ ಫೈಲಿನ ಕಾಲ

ಯುನಿಕ್ಸಿನಲ್ಲಿ ಕಿಟಕಿ, ಮೌಸ್ ತೋರಿಸುವ ಎಕ್ಸ್ ವಿಂಡೋ ಸಿಸ್ಟಮ್ ಹುಟ್ಟಿದ್ದು ಅಮೆರಿಕದ ಎಂಐಟಿಯಲ್ಲಿ, 1984ರಲ್ಲಿ. ಇವತ್ತಿಗೂ ಬಳಕೆಯಲ್ಲಿರುವ ಅದರ ಹನ್ನೊಂದನೇ ಆವೃತ್ತಿ ಬಂದದ್ದು 1987ರಲ್ಲಿ. ಅದನ್ನು ಸಾಮಾನ್ಯ ಪಿಸಿಗೆ ತಂದ ಎಕ್ಸ್386 ಎಂಬ ತಂತ್ರಾಂಶವನ್ನು ಟಾಮಸ್ ರೋಯಲ್ ಬರೆದರು. ಅದು ಮುಂದೆ ವ್ಯಾಪಾರಿ ದಾರಿ ಹಿಡಿಯಿತು. ಆಗ ನಾಲ್ವರು ಸೇರಿ 1992ರಲ್ಲಿ ಉಚಿತ ಕವಲೊಂದನ್ನು ಶುರುಮಾಡಿದರು. 'ಎಕ್ಸ್ ತ್ರೀ ಏಯ್ಟಿಸಿಕ್ಸ್' ಎಂಬುದನ್ನೇ ತಿರುಚಿ 'ಎಕ್ಸ್ ಫ್ರೀ ಏಯ್ಟಿಸಿಕ್ಸ್' ಎಂದು ಹೆಸರಿಟ್ಟರು. ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಬರುತ್ತಿದ್ದ ಸಿಡಿಯಿಂದ ಲಿನಕ್ಸ್ ಹಾಕಿಕೊಂಡು ಪರದೆಯ ಮೇಲೆ ಚಿತ್ರ ನೋಡಿದ ನಮ್ಮ ಪೀಳಿಗೆಯವರೆಲ್ಲ ಈ ಎಕ್ಸ್‌ಫ್ರೀ86ರ ಋಣದಲ್ಲಿದ್ದೇವೆ.

ಋಣದ ಜೊತೆ ಸ್ವಲ್ಪ ಸಂಕಟವೂ ಇತ್ತು. ಎಕ್ಸ್‌ಎಫ್86ಕಾನ್ಫಿಗ್ ಎಂಬ ಕಡತದಲ್ಲಿ ನಿಮ್ಮ ಮಾನಿಟರಿನ ಅಡ್ಡ ಮತ್ತು ಉದ್ದದ ಕಂಪನಾಂಕಗಳನ್ನು ನೀವೇ ಬರೆಯಬೇಕಿತ್ತು. ತಪ್ಪು ಅಂಕಿ ಬರೆದರೆ ಮಾನಿಟರೇ ಕೆಡಬಹುದು ಎಂದು ಕೈಪಿಡಿಯಲ್ಲಿ ಎಚ್ಚರಿಕೆ ಬೇರೆ! ಸಾಲ ಮಾಡಿ ತಂದ ಮಾನಿಟರಿನ ಮುಂದೆ ಕುಳಿತು ಆ ಸಾಲನ್ನು ಓದಿದವನ ಎದೆಬಡಿತ ಊಹಿಸಿಕೊಳ್ಳಿ.

ಆ ದಿನಗಳಲ್ಲಿ ಡ್ರೈವರ್ ಎಂಬ ಬೇರೆ ವಸ್ತುವೇ ಇರಲಿಲ್ಲ. ಎಸ್3 ಚಿಪ್ಪಿಗೆ ಒಂದು ಎಕ್ಸ್ ಸರ್ವರ್, ಸಾಮಾನ್ಯ ಎಸ್‌ವಿಜಿಎ ಕಾರ್ಡುಗಳಿಗೆ ಇನ್ನೊಂದು, ಹೀಗೆ ಜಾತಿಗೊಂದು ಸರ್ವರ್. ಹೊಸ ಕಾರ್ಡು ಬೇಕೆಂದರೆ ಇಡೀ ಸರ್ವರನ್ನೇ ಬದಲಿಸಬೇಕು. 2000ದ ಮಾರ್ಚಿನಲ್ಲಿ ಬಂದ ಎಕ್ಸ್‌ಫ್ರೀ86 4.0 ಈ ವ್ಯವಸ್ಥೆಯನ್ನು ಮುರಿದು, ಸರ್ವರ್ ಒಂದೇ, ಡ್ರೈವರುಗಳು ಬೇಕಾದಾಗ ಸೇರಿಸಿಕೊಳ್ಳುವ ಮಾಡ್ಯೂಲುಗಳು ಎಂಬ ಕ್ರಮವನ್ನು ತಂದಿತು. 'ಡ್ರೈವರ್ ಅಪ್‌ಡೇಟ್ ಮಾಡುವುದು' ಎಂಬ ಮಾತಿಗೆ ಲಿನಕ್ಸಿನಲ್ಲಿ ನಿಜವಾದ ಅರ್ಥ ಬಂದದ್ದು ಆಗ.

ನಿಘಂಟು ಕೊಡದ ಜಗಳ ಮಾತ್ರ ಅದಕ್ಕಿಂತ ಹಳೆಯದು. 90ರ ದಶಕದ ಆರಂಭದಲ್ಲಿ ಡೈಮಂಡ್ ಕಂಪನಿ ತನ್ನ ಕಾರ್ಡುಗಳ ವಿವರ ಕೊಡಲು ಒಪ್ಪದ್ದರಿಂದ, ಆ ಕಾರ್ಡುಗಳನ್ನು ಕೊಳ್ಳಬೇಡಿ ಎಂದು ಲಿನಕ್ಸಿನವರು ಒಬ್ಬರಿಗೊಬ್ಬರು ಹೇಳುತ್ತಿದ್ದರು. ಕಂಪನಿ ಕೊನೆಗೆ ನಿಲುವು ಬದಲಿಸಿತು.

ಮೂರು ಆಯಾಮದ ಆಸೆ

1996ರಲ್ಲಿ 3ಡಿಎಫ್ಎಕ್ಸ್ ಕಂಪನಿಯ ವೂಡೂ ಕಾರ್ಡು ಬಂತು. ಆಟಗಳ ಲೋಕ ತಲೆಕೆಳಗಾಯಿತು. ಲಿನಕ್ಸಿನಲ್ಲಿ ಆ ಹೊತ್ತಿಗೆ ಬ್ರಯಾನ್ ಪಾಲ್ ಎಂಬವರ ಮೀಸಾ ಇತ್ತು. 1993ರಲ್ಲಿ ಬಿಡುವಿನ ವೇಳೆಯ ಕೆಲಸವಾಗಿ ಶುರುವಾಗಿ 1995ರಲ್ಲಿ ಹೊರಬಂದ, ಓಪನ್‌ಜಿಎಲ್ ಆಜ್ಞೆಗಳನ್ನು ಅರ್ಥಮಾಡಿಕೊಳ್ಳುವ ಮುಕ್ತ ತಂತ್ರಾಂಶ ಅದು. ಮೊದಮೊದಲು ಎಲ್ಲ ಲೆಕ್ಕವನ್ನೂ ಪ್ರೊಸೆಸರಿನಲ್ಲೇ ಮಾಡುತ್ತಿತ್ತು. ವೂಡೂವಿನ ಗ್ಲೈಡ್ ಲೈಬ್ರರಿಯನ್ನು ಡ್ಯಾರಿಲ್ ಸ್ಟ್ರಾಸ್ ಲಿನಕ್ಸಿಗೆ ತಂದ ಮೇಲೆ ಮೀಸಾದ ಕೈಗೆ ನಿಜವಾದ ಯಂತ್ರ ಸಿಕ್ಕಿತು. ಕ್ವೇಕ್ ಲಿನಕ್ಸಿನಲ್ಲಿ ಓಡಿತು!

ಆಮೇಲೆ ಪ್ರಿಸಿಷನ್ ಇನ್ಸೈಟ್ ಎಂಬ ಸಣ್ಣ ಕಂಪನಿ, ಪ್ರೋಗ್ರಾಮುಗಳು ಕಾರ್ಡಿನ ಜೊತೆ ನೇರವಾಗಿ ಮಾತಾಡುವ ಡಿಆರ್‌ಐ ಎಂಬ ಚೌಕಟ್ಟನ್ನು ಕಟ್ಟಿತು. ಅದೂ ಎಕ್ಸ್‌ಫ್ರೀ86 4.0ರಲ್ಲಿ ಸೇರಿತು. 3ಡಿಎಫ್ಎಕ್ಸ್ 1999ರ ಕೊನೆಗೆ ಗ್ಲೈಡಿನ ಮೂಲ ಸಂಕೇತವನ್ನು ಬಿಡುಗಡೆ ಮಾಡಿತು. ಮುಂದಿನ ವರ್ಷದ ಡಿಸೆಂಬರಿನಲ್ಲಿ ಆ ಕಂಪನಿಯೇ ಮುಳುಗಿ, ಆಸ್ತಿಯನ್ನು ಎನ್ವಿಡಿಯಾ ಕೊಂಡುಕೊಂಡಿತು. ಕಂಪನಿ ಸತ್ತ ಮೇಲೂ ವೂಡೂ ಕಾರ್ಡುಗಳು ಲಿನಕ್ಸಿನಲ್ಲಿ ವರ್ಷಗಟ್ಟಲೆ ಬದುಕಿದವು. ಈ ಒಂದು ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮುಚ್ಚಿದ ಪೆಟ್ಟಿಗೆ

2000ದಲ್ಲಿ ಎನ್ವಿಡಿಯಾ ಲಿನಕ್ಸಿಗೆ ತನ್ನದೇ ಡ್ರೈವರ್ ಕೊಟ್ಟಿತು. ವೇಗದಲ್ಲಿ ಅದಕ್ಕೆ ಸಾಟಿ ಇರಲಿಲ್ಲ, ಸುಳ್ಳು ಹೇಳಬಾರದು. ಆದರೆ ಅದು ಮುಚ್ಚಿದ ಪೆಟ್ಟಿಗೆ. ಒಳಗಿನ ದೊಡ್ಡ ಭಾಗದ ಮೂಲ ಸಂಕೇತ ಇಲ್ಲ. ಅದಕ್ಕೂ ಕರ್ನೆಲ್ಲಿಗೂ ನಡುವೆ ಒಂದು ತೆಳು ಪದರದ ಸಂಕೇತ ಮಾತ್ರ ಕೊಡುತ್ತಿದ್ದರು. ಆ ಪದರವನ್ನು ನಿಮ್ಮ ಕರ್ನೆಲ್ಲಿನ ಹೆಡರುಗಳನ್ನಿಟ್ಟುಕೊಂಡು ನೀವೇ ಕಂಪೈಲ್ ಮಾಡಬೇಕು. ಕರ್ನೆಲ್ ಬದಲಾದರೆ ಮತ್ತೆ ಕಂಪೈಲ್. ನನ್ನ ಕಪ್ಪು ಪರದೆಯ ಜಾತಕವೂ ಇದೇ ಬಗೆಯದು.

ಕೈಕೆಲಸ ಹೀಗಿರುತ್ತಿತ್ತು. ಮೊದಲು ಡೌನ್‌ಲೋಡ್. ಡಯಲ್-ಅಪ್ ಮೋಡೆಮಿನಲ್ಲಿ ಸೆಕೆಂಡಿಗೆ ನಾಲ್ಕೈದು ಕಿಲೋಬೈಟ್ ಸಿಕ್ಕರೆ ಪುಣ್ಯ. ಹತ್ತು ಮೆಗಾಬೈಟಿಗೆ ಮುಕ್ಕಾಲು ಗಂಟೆ, ಅಷ್ಟು ಹೊತ್ತೂ ಮನೆಯ ಫೋನ್ ಎಂಗೇಜ್. ಆಮೇಲೆ 'ಇನಿಟ್ 3' ಎಂದು ಕೊಟ್ಟು ಚಿತ್ರಪರದೆಯನ್ನು ಪೂರ್ತಿ ನಿಲ್ಲಿಸಿ, ಕಪ್ಪು ಪರದೆಯಲ್ಲೇ ಡ್ರೈವರ್ ಕೂರಿಸಿ, ಕಾನ್ಫಿಗ್ ಕಡತ ತಿದ್ದಿ, ದೇವರ ನೆನೆದು 'ಸ್ಟಾರ್ಟ್ಎಕ್ಸ್' ಅನ್ನಬೇಕು. ಏನಾದರೂ ಎಡವಟ್ಟಾದರೆ ಇಂಟರ್ನೆಟ್ಟಿನಲ್ಲಿ ಪರಿಹಾರ ಹುಡುಕಲು ಬ್ರೌಸರೇ ಇಲ್ಲ!

ಕರ್ನೆಲ್ಲಿನವರು ಒಳಗಿನ ವ್ಯವಸ್ಥೆಯನ್ನು ಒಂದೇ ಥರ ಇಟ್ಟುಕೊಂಡರೆ ಈ ರಗಳೆ ಇರುವುದಿಲ್ಲವಲ್ಲ ಎಂದು ನಿಮಗೆ ಅನಿಸಬಹುದು. ನನಗೂ ಅನಿಸಿತ್ತು. ಅವರು ಬೇಕೆಂದೇ ಹಾಗೆ ಇಟ್ಟುಕೊಳ್ಳುವುದಿಲ್ಲ. ಗ್ರೆಗ್ ಕ್ರೋ-ಹಾರ್ಟ್‌ಮನ್ ಬರೆದ ಒಂದು ಟಿಪ್ಪಣಿ ಕರ್ನೆಲ್ಲಿನ ದಾಖಲೆಗಳಲ್ಲೇ ಇದೆ. ಅದರ ಸಾರ ಇಷ್ಟು: ಒಳಗಿನ ವ್ಯವಸ್ಥೆ ಸುಧಾರಿಸುತ್ತಲೇ ಇರಬೇಕು, ಆದ್ದರಿಂದ ಬದಲಾಗುತ್ತಲೇ ಇರುತ್ತದೆ, ನಿಮ್ಮ ಡ್ರೈವರನ್ನು ಕರ್ನೆಲ್ಲಿನ ಒಳಗೆ ಸೇರಿಸಿಬಿಡಿ, ಆಮೇಲೆ ಬದಲಾವಣೆ ಮಾಡುವವನೇ ನಿಮ್ಮ ಡ್ರೈವರನ್ನೂ ಸರಿಮಾಡುತ್ತಾನೆ.

ನಮ್ಮ ಮುಂಬಯಿಯ ಚಾಳಿನ ಭಾಷೆಯಲ್ಲಿ ಹೇಳುವುದಾದರೆ, ನೀರಿನ ಪೈಪ್ ಬದಲಿಸುವಾಗ ಚಾಳಿನ ಒಳಗಿರುವ ಎಲ್ಲ ಖೋಲಿಗಳಿಗೂ ಪ್ಲಂಬರನೇ ಹೊಸ ಕನೆಕ್ಷನ್ ಕೊಟ್ಟುಹೋಗುತ್ತಾನೆ. ಹೊರಗಿನಿಂದ ತನ್ನದೇ ಪೈಪ್ ಎಳೆದುಕೊಂಡವನ ನಲ್ಲಿ ಮಾತ್ರ ಮರುದಿನ ಒಣಗಿರುತ್ತದೆ. ಮೌಸ್, ಕೀಬೋರ್ಡ್, ಡಿಸ್ಕುಗಳ ಡ್ರೈವರುಗಳು ಚಾಳಿನ ಒಳಗಿದ್ದವು. ಮುಚ್ಚಿದ ಗ್ರಾಫಿಕ್ಸ್ ಡ್ರೈವರ್ ಹೊರಗಿತ್ತು. ನನ್ನ ಪ್ರಶ್ನೆಗೆ ಉತ್ತರ ಇಷ್ಟೇ.

2001ರಿಂದ ಕರ್ನೆಲ್ ಇಂಥ ಮಾಡ್ಯೂಲ್ ಬಂದೊಡನೆ ತನ್ನನ್ನು 'ಕಳಂಕಿತ' ಎಂದು ಗುರುತು ಮಾಡಿಕೊಳ್ಳತೊಡಗಿತು. ಆ ಗುರುತು ಇರುವ ಕರ್ನೆಲ್ಲಿನ ದೋಷವನ್ನು ತನಿಖೆ ಮಾಡಲು ಡೆವಲಪರುಗಳು ಒಪ್ಪುತ್ತಿರಲಿಲ್ಲ. ಕಾಣದ ಸಂಕೇತದೊಳಗಿನ ತಪ್ಪನ್ನು ಯಾರು ಹುಡುಕಿಯಾರು? ಹಾಗೇ 2003ರಲ್ಲಿ ಡೆಲ್ ಕಂಪನಿಯವರು ಡಿಕೆಎಂಎಸ್ ಎಂಬ ಸಲಕರಣೆ ತಂದರು. ಹೊಸ ಕರ್ನೆಲ್ ಬಂದಾಗ ಹೊರಗಿನ ಡ್ರೈವರನ್ನು ತಾನೇ ಮತ್ತೆ ಕಂಪೈಲ್ ಮಾಡುತ್ತದೆ. ನೋವಿಗೆ ಮುಲಾಮು, ಅಷ್ಟೇ.

ಕಿಟಕಿಯಿಂದ ಇಣುಕಿದವರು

ನಿಘಂಟು ಕೊಡದಿದ್ದರೆ ನಾವೇ ಬರೆಯುತ್ತೇವೆ ಎಂದು ಹೊರಟವರ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. 2005ರ ಹೊತ್ತಿಗೆ ಸ್ಟೆಫಾನ್ ಮಾರ್ಶೆಸಾ ಎಂಬ ಫ್ರೆಂಚ್ ಪ್ರೋಗ್ರಾಮರ್ ಎನ್ವಿಡಿಯಾದ ಹಳೆಯ 'ಎನ್‌ವಿ' ಎಂಬ ಸರಳ ಡ್ರೈವರನ್ನು ಶುಚಿಗೊಳಿಸಲು ಕೂತರು. ಅವರ ಚಾಟ್ ತಂತ್ರಾಂಶ 'ಎನ್‌ವಿ' ಎಂದು ಬರೆದಾಗಲೆಲ್ಲ ಅದನ್ನು 'ನೂವೋ' ಎಂದು ಬದಲಿಸುತ್ತಿತ್ತಂತೆ. ಫ್ರೆಂಚಿನಲ್ಲಿ ಹಾಗೆಂದರೆ 'ಹೊಸದು'. ಹೆಸರು ಅಂಟಿಕೊಂಡಿತು.

ಅವರ ವಿಧಾನ ಅಡಿಗೆ ಗುಟ್ಟು ಬಿಡದ ಭಟ್ಟರನ್ನು ಕಿಟಕಿಯಿಂದ ಇಣುಕಿ ನೋಡಿದಂತೆ. ಕಂಪನಿಯ ಡ್ರೈವರ್ ಓಡುತ್ತಿರುವಾಗ ಒಂದು ಸಣ್ಣ ಚಿತ್ರ ಬಿಡಿಸುವುದು. ಅದಕ್ಕೆ ಮೊದಲು ಮತ್ತು ಆಮೇಲೆ ಕಾರ್ಡಿನ ರಿಜಿಸ್ಟರುಗಳಲ್ಲಿ ಏನೇನು ಬದಲಾಯಿತು ಎಂದು ಹೋಲಿಸುವುದು. ಹೀಗೆ ಸಾವಿರಾರು ಸಲ. ಜನ ತಮ್ಮ ಮನೆಯ ಕಾರ್ಡುಗಳಿಂದ ಈ ದಾಖಲೆಗಳನ್ನು ತೆಗೆದು ಕಳಿಸುತ್ತಿದ್ದರು. 2010ರ ಫೆಬ್ರವರಿಯಲ್ಲಿ ಬಂದ ಲಿನಕ್ಸ್ 2.6.33ರಲ್ಲಿ ನೂವೋ ಕರ್ನೆಲ್ಲಿನ ಒಳಗೇ ಸೇರಿತು. ಇಣುಕಿ ಕಲಿತ ಅಡಿಗೆ ಚಾಳಿನ ಒಳಗೆ ಬಂತು!

ಒಂದು ಹೋಲಿಕೆ

ಇದೇ ಕಾಲದಲ್ಲಿ ಇನ್ನೊಂದು ಕಂಪನಿಯ ಕಥೆ ಬೇರೆ ದಿಕ್ಕಿಗೆ ತಿರುಗಿತು. ಎಟಿಐ ಕಂಪನಿಗೂ ಎಫ್‌ಜಿಎಲ್‌ಆರ್‌ಎಕ್ಸ್ ಎಂಬ ಮುಚ್ಚಿದ ಡ್ರೈವರ್ ಇತ್ತು. ಅದನ್ನು ಬಳಸಿದವರಿಗೆ ಆ ಹೆಸರು ಕೇಳಿದರೆ ಈಗಲೂ ತಲೆನೋವು. 2006ರಲ್ಲಿ ಎಎಂಡಿ ಎಟಿಐಯನ್ನು ಕೊಂಡಿತು. 2007ರ ಸೆಪ್ಟೆಂಬರಿನಲ್ಲಿ, ಕಾರ್ಡುಗಳ ವಿವರಗಳನ್ನು ಪ್ರಕಟಿಸುತ್ತೇವೆ, ಮುಕ್ತ ಡ್ರೈವರ್ ಬರೆಯಲು ನೆರವಾಗುತ್ತೇವೆ ಎಂದು ಘೋಷಿಸಿತು. ನಿಘಂಟು ಕೊನೆಗೂ ಕೈಗೆ ಬಂತು.

ಇದರಿಂದ ಏನಾಯಿತು ಎಂಬುದಕ್ಕೆ ಒಂದು ಕಾರ್ಡಿನ ಜೀವನಚರಿತ್ರೆ ಸಾಕು. ರೇಡಿಯಾನ್ 9700, 2002ರಲ್ಲಿ ಬಂದದ್ದು. ಆ ಪೀಳಿಗೆಯ ಕಾರ್ಡುಗಳಿಗೆ ಕಂಪನಿಯ ಮುಚ್ಚಿದ ಡ್ರೈವರ್ 2009ರಲ್ಲೇ ಬೆಂಬಲ ನಿಲ್ಲಿಸಿತು. ಆದರೆ ಮೀಸಾದೊಳಗಿನ ಮುಕ್ತ ಡ್ರೈವರ್ ನಿಲ್ಲಲಿಲ್ಲ. 2022ರಲ್ಲಿ ಮೀಸಾ ತನ್ನ ಹಲವು ಹಳೆಯ ಡ್ರೈವರುಗಳನ್ನು ಮುಖ್ಯ ಸಾಲಿನಿಂದ ಬೇರೆಯಾಗಿಸಿದಾಗಲೂ ಈ ಆರ್300 ಡ್ರೈವರ್ ಉಳಿಯಿತು. ಇಪ್ಪತ್ತು ವರ್ಷ ದಾಟಿದ ಕಾರ್ಡು! ಅದೇ ಕಾಲಮಾನದ ಎನ್ವಿಡಿಯಾ ಜಿಫೋರ್ಸ್ 6 ಮತ್ತು 7ರ ಸರಣಿಗೆ ಬೆಂಬಲವಿದ್ದ 304 ಡ್ರೈವರ್ 2017ರ ಕೊನೆಗೆ ನಿಂತಿತು. 340 ಸರಣಿ 2019ರ ಕೊನೆಗೆ, 390 ಸರಣಿ 2022ರ ಕೊನೆಗೆ. ಆಮೇಲಿನ ಕರ್ನೆಲ್ಲುಗಳಿಗೆ ಅವನ್ನು ಹೊಂದಿಸುವ ಜವಾಬ್ದಾರಿ ಕಂಪನಿಯದ್ದಲ್ಲ. ಕಾರ್ಡು ಕೆಟ್ಟಿರಲಿಲ್ಲ, ಫ್ಯಾನ್ ತಿರುಗುತ್ತಲೇ ಇತ್ತು. ದುಭಾಷಿ ಎದ್ದು ಹೋಗಿದ್ದ, ಅಷ್ಟೇ.

ಸುಧಾರಣೆ, ಸಿಟ್ಟು, ಹೊಸ ಬೀಗ

ನಡುವೆ ಬಳಕೆದಾರನ ಕಷ್ಟ ಕಡಿಮೆಯಾಗುತ್ತಾ ಬಂತು. 2004ರಲ್ಲಿ ಪರವಾನಗಿಯ ಜಗಳದಿಂದ ಎಕ್ಸ್‌ಫ್ರೀ86 ಹಿಂದೆ ಬಿದ್ದು, ಅದರ ಜಾಗಕ್ಕೆ ಎಕ್ಸ್.ಆರ್ಗ್ ಬಂತು. ಕೆಲವೇ ವರ್ಷಗಳಲ್ಲಿ ಕಾನ್ಫಿಗ್ ಕಡತ ಇಲ್ಲದೆಯೇ ಪರದೆ ತಾನಾಗಿ ಹೊಂದಿಕೊಳ್ಳತೊಡಗಿತು. 2009ರ ಲಿನಕ್ಸ್ 2.6.29ರಲ್ಲಿ, ಮೊದಲು ಇಂಟೆಲ್ ಚಿಪ್ಪುಗಳಿಗೆ, ಪರದೆಯ ಅಳತೆ ಹೊಂದಿಸುವ ಕೆಲಸವೇ ಕರ್ನೆಲ್ಲಿನೊಳಗೆ ಬಂತು. ಮಾನಿಟರ್ ಕೆಡುವ ಭಯ ಹೋಯಿತು.

ಮುಚ್ಚಿದ ಡ್ರೈವರಿನ ಸುತ್ತ ಮಾತ್ರ ಸರ್ಕಸ್ ಮುಂದುವರಿಯಿತು. 2010ರಲ್ಲಿ ಎನ್ವಿಡಿಯಾ ಆಪ್ಟಿಮಸ್ ಎಂಬ ಎರಡು ಚಿಪ್ಪಿನ ಲ್ಯಾಪ್‌ಟಾಪ್ ವ್ಯವಸ್ಥೆ ತಂದಿತು. ಲಿನಕ್ಸಿಗೆ ಬೆಂಬಲ ಇರಲಿಲ್ಲ. ಉತ್ಸಾಹಿಗಳು ಬಂಬಲ್‌ಬೀ ಎಂಬ ಪರಿಹಾರ ಬರೆದರು. 2011ರಲ್ಲಿ ಅದರ ಇನ್‌ಸ್ಟಾಲ್ ಸ್ಕ್ರಿಪ್ಟಿನ ಅಳಿಸುವ ಆಜ್ಞೆಯೊಂದರಲ್ಲಿ 'ಯುಎಸ್ಆರ್' ಪದದ ನಂತರ ಒಂದೇ ಒಂದು ಸ್ಪೇಸ್ ಹೆಚ್ಚಾಗಿ ಬಿದ್ದಿತ್ತು. ಹಾಕಿಕೊಂಡವರ ಯುಎಸ್ಆರ್ ಫೋಲ್ಡರೇ ಅಳಿಸಿಹೋಯಿತು! ನಗು ಬರುತ್ತದೆ, ಆದರೆ ಒಂದು ಡ್ರೈವರಿಗಾಗಿ ಜನ ಎಂಥ ಅಪಾಯಕ್ಕೆ ಕೈಹಾಕುತ್ತಿದ್ದರು ನೋಡಿ. 2012ರ ಜೂನಿನಲ್ಲಿ ಫಿನ್‌ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಇದೇ ಆಪ್ಟಿಮಸ್ ಬಗ್ಗೆ ಪ್ರಶ್ನೆ ಬಂದಾಗ ಲಿನಸ್ ಟೊರ್ವಾಲ್ಡ್ಸ್ ಕ್ಯಾಮೆರಾದತ್ತ ಬೆರಳು ತೋರಿಸಿ ಎನ್ವಿಡಿಯಾವನ್ನು ಬೈದದ್ದು ಲೋಕಪ್ರಸಿದ್ಧ.

ಬೈಗುಳಕ್ಕೆ ಬೀಗ ತೆರೆಯಲಿಲ್ಲ. 2014ರಲ್ಲಿ ಬಂದ ಜಿಟಿಎಕ್ಸ್ 900 ಸರಣಿಯಿಂದ ಕಾರ್ಡಿನೊಳಗಿನ ಫರ್ಮ್‌ವೇರಿಗೆ ಕಂಪನಿಯ ಡಿಜಿಟಲ್ ಸಹಿ ಕಡ್ಡಾಯವಾಯಿತು. ಕಾರ್ಡಿನ ವೇಗ ಏರಿಸುವ ಕೆಲಸ ಆ ಸಹಿಯ ಹಿಂದೆ. ಇನ್ನು ಕಿಟಕಿಯಿಂದ ಇಣುಕಿ ಕಲಿತರೂ ಪ್ರಯೋಜನವಿಲ್ಲ, ಒಲೆ ಹೊತ್ತಿಸಲು ಭಟ್ಟರ ಹೆಬ್ಬೆಟ್ಟೇ ಬೇಕು. ನೂವೋದಲ್ಲಿ ಆ ಕಾರ್ಡುಗಳು ಹಚ್ಚಿದಾಗಿನ ನಿಧಾನ ಗತಿಯಲ್ಲೇ ತೆವಳಬೇಕಾಯಿತು. ಅತ್ತ 2015ರಲ್ಲಿ ಎಎಂಡಿಯ ಮುಕ್ತ 'ಎಎಂಡಿಜಿಪಿಯು' ಡ್ರೈವರ್ ಲಿನಕ್ಸ್ 4.2ರ ಒಳಗೆ ಬಂದು ಕೂತಿತು.

ಬಾಗಿಲು ತೆರೆಯಿತು, ಅರ್ಧ

2022ರ ಮೇ ತಿಂಗಳಲ್ಲಿ ಅನೇಕರು ನಂಬದ ಸುದ್ದಿ ಬಂತು. ಎನ್ವಿಡಿಯಾ ತನ್ನ ಕರ್ನೆಲ್ ಮಾಡ್ಯೂಲುಗಳ ಮೂಲ ಸಂಕೇತವನ್ನು ಪ್ರಕಟಿಸಿತು. 2024ರಲ್ಲಿ 560 ಸರಣಿಯಿಂದ ಅದನ್ನೇ ಮೊದಲ ಆಯ್ಕೆ ಮಾಡಿತು. ನೂವೋವನ್ನು ವರ್ಷಗಟ್ಟಲೆ ಹೊತ್ತ ಬೆನ್ ಸ್ಕೆಗ್ಸ್ 2023ರಲ್ಲಿ ಆ ಹೊಣೆ ಬಿಟ್ಟು, 2024ರಲ್ಲಿ ಎನ್ವಿಡಿಯಾದ ಉದ್ಯೋಗಿಯಾಗಿಯೇ ನೂವೋಗೆ ತೇಪೆ ಕಳಿಸತೊಡಗಿದರು. ಮೀಸಾದಲ್ಲಿ ಎನ್‌ವಿಕೆ ಎಂಬ ಹೊಸ ಮುಕ್ತ ಡ್ರೈವರ್ ಬಂತು. ಕಿಟಕಿಯಿಂದ ಇಣುಕಿದವನನ್ನೇ ಭಟ್ಟರು ಅಡಿಗೆಮನೆಗೆ ಕರೆದ ಹಾಗೆ.

ಆದರೆ ಗಮನಿಸಿ. ತೆರೆದದ್ದು ಕರ್ನೆಲ್ಲಿನ ಭಾಗ ಮಾತ್ರ. ಗುಟ್ಟಿನ ಬಹುಪಾಲು ಕಾರ್ಡಿನೊಳಗಿನ ಜಿಎಸ್‌ಪಿ ಎಂಬ ಪುಟ್ಟ ಪ್ರೊಸೆಸರಿನ ಮುಚ್ಚಿದ ಫರ್ಮ್‌ವೇರಿಗೆ ಹೋಯಿತು. ಅದು ಇರುವುದು 2018ರ ಟ್ಯೂರಿಂಗ್ ಮತ್ತು ಆಮೇಲಿನ ಕಾರ್ಡುಗಳಲ್ಲಿ.

ಹಾಗಾದರೆ 2016ರ ಜಿಟಿಎಕ್ಸ್ 1060ರಂಥ ಕಾರ್ಡು ಇಟ್ಟುಕೊಂಡವರ ಗತಿ? ಮ್ಯಾಕ್ಸ್‌ವೆಲ್, ಪ್ಯಾಸ್ಕಲ್, ವೋಲ್ಟಾ ಪೀಳಿಗೆಗಳಿಗೆ 580 ಸರಣಿಯೇ ಕೊನೆ ಎಂದು ಎನ್ವಿಡಿಯಾ 2025ರಲ್ಲಿ ತಿಳಿಸಿತು. ಹೊಸ ಮುಕ್ತ ಮಾಡ್ಯೂಲು ಅವಕ್ಕೆ ಆಗುವುದಿಲ್ಲ. ನೂವೋಗೆ ಸಹಿಯ ಬೀಗ. ಅತ್ತಲೂ ಇಲ್ಲ, ಇತ್ತಲೂ ಇಲ್ಲ, ತ್ರಿಶಂಕು ಸ್ವರ್ಗ. ಈ ಕಾರ್ಡುಗಳಿಗಿಂತ ಹದಿನಾಲ್ಕು ವರ್ಷ ಹಳೆಯದಾದ ರೇಡಿಯಾನ್ 9700ರ ಭವಿಷ್ಯ ಇವಕ್ಕಿಂತ ಭದ್ರ ಎಂದರೆ ಯಾರಾದರೂ ನಂಬಿಯಾರೇ?

ಕೊನೆಗೆ

ಇವತ್ತು ಇಂಟೆಲ್ ಅಥವಾ ಎಎಂಡಿ ಕಾರ್ಡು ಇದ್ದವರಿಗೆ 'ಡ್ರೈವರ್ ಅಪ್‌ಡೇಟ್' ಎಂಬ ಪ್ರತ್ಯೇಕ ಕೆಲಸವೇ ಉಳಿದಿಲ್ಲ. ಕರ್ನೆಲ್ ಮತ್ತು ಮೀಸಾ ಅಪ್‌ಡೇಟ್ ಆದರೆ ಡ್ರೈವರ್ ಅದರಲ್ಲೇ ಬಂತು. ಎನ್ವಿಡಿಯಾ ಇದ್ದವರು ಕಂಪನಿಯ ತಾಣದಿಂದ ಕಡತ ಇಳಿಸುವ ಬದಲು ತಮ್ಮ ಡಿಸ್ಟ್ರಿಬ್ಯೂಷನ್ ಕೊಡುವ ಪ್ಯಾಕೇಜನ್ನೇ ಬಳಸುವುದು, ಹೊಸ ಸರಣಿಗೆ ಹೋಗುವ ಮುನ್ನ ತಮ್ಮ ಕಾರ್ಡು ಪಟ್ಟಿಯಲ್ಲಿದೆಯೇ ನೋಡುವುದು ಒಳ್ಳೆಯದು. ಮತ್ತು ಹಳೇ ಕರ್ನೆಲ್ಲೊಂದನ್ನು ಅಳಿಸದೆ ಇಟ್ಟುಕೊಳ್ಳಿ. ಪುಣೆಯ ಗೆಳೆಯನ ಮಾತು ಇಷ್ಟು ವರ್ಷ ಕಳೆದರೂ ಹಳತಾಗಿಲ್ಲ.

ಹೊಸ ಕಾರ್ಡು ಕೊಳ್ಳುವಾಗ ನಾವು ಮೆಮೊರಿ ಎಷ್ಟು, ವೇಗ ಎಷ್ಟು, ಬೆಲೆ ಎಷ್ಟು ಎಂದು ಕೇಳುತ್ತೇವೆ. ಇನ್ನೊಂದು ಪ್ರಶ್ನೆ ಸೇರಿಸಿಕೊಳ್ಳಿ: ಮಾರಿದವನು ಕೈತೊಳೆದುಕೊಂಡ ಮೇಲೆ ಇದನ್ನು ನಡೆಸುವವರು ಯಾರು? 2003ರಲ್ಲಿ ನಾನು ಈ ಪ್ರಶ್ನೆ ಕೇಳಿರಲಿಲ್ಲ. ಆ ಕಾರ್ಡು ಈಗಲೂ ಮನೆಯ ಅಟ್ಟದ ಮೇಲೆ ಒಂದು ಡಬ್ಬಿಯಲ್ಲಿದೆ. ಏನೂ ಕೆಟ್ಟಿಲ್ಲ ಅದಕ್ಕೆ. ಅದರ ಜೊತೆ ಮಾತಾಡುವವರಿಲ್ಲ, ಅಷ್ಟೇ.